ಓಎಸ್‌ಟಿಕೆಟ್ ಬ್ಯಾಕಪ್: ಡಂಪ್ ಒಂದೇ ಸಾಲದು

ಗ್ರಾಹಕರ ಪ್ರಶ್ನೆಗಳನ್ನು ಟಿಕೆಟ್‌ಗಳಾಗಿ ನಿರ್ವಹಿಸುವ ತಂತ್ರಾಂಶ ಓಎಸ್‌ಟಿಕೆಟ್. ಅದರ ಬ್ಯಾಕಪ್‌ಗೆ ಡಂಪ್, ಅಂದರೆ ಡೇಟಾಬೇಸನ್ನು ಫೈಲಾಗಿ ತೆಗೆದ ನಕಲು, ಒಂದೇ ಸಾಲದು. ಡೇಟಾಬೇಸ್, ಇನ್‌ಕ್ಲೂಡ್ ಫೋಲ್ಡರಿನ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್, ಅಟ್ಯಾಚ್‌ಮೆಂಟ್‌ಗಳು: ಈ ಮೂರೂ ಬೇಕು. ಹೆಚ್ಚಿನವರು ಮರೆಯುವುದು ಕಾನ್ಫಿಗ್ ಫೈಲನ್ನು. ಅದರಲ್ಲಿರುವ ಸೀಕ್ರೆಟ್ ಸಾಲ್ಟ್ (ಪಾಸ್‌ವರ್ಡ್‌ಗಳನ್ನು ಗೂಢಲಿಪಿಗೆ ತಿರುಗಿಸಲು ಬಳಸುವ ಗುಟ್ಟಿನ ಅಕ್ಷರಸಾಲು) ಕಳೆದರೆ ಟಿಕೆಟ್‌ಗಳು ಮರಳಿ ಬರುತ್ತವೆ, ಆದರೆ ಉಳಿಸಿಟ್ಟ ಇಮೇಲ್ ಪಾಸ್‌ವರ್ಡ್‌ಗಳನ್ನು ಬಿಡಿಸಲಾಗದೆ ಎಲ್ಲವನ್ನೂ ಹೊಸದಾಗಿ ತುಂಬಬೇಕಾಗುತ್ತದೆ.

ಅಟ್ಯಾಚ್‌ಮೆಂಟ್‌ಗಳು ಮಾಮೂಲಿಯಾಗಿ ಡೇಟಾಬೇಸ್‌ನಲ್ಲೇ ಇರುತ್ತವೆ. ಫೈಲ್‌ಸಿಸ್ಟಮ್ ಪ್ಲಗಿನ್ (ಅವನ್ನು ಡಿಸ್ಕಿನ ಫೋಲ್ಡರಿನಲ್ಲಿಡುವ ಸೇರ್ಪಡೆ) ಹಾಕಿದ್ದರೆ ಮೊದಲು ಡಂಪ್ ತೆಗೆದು, ಆಮೇಲೆ ಆ ಫೋಲ್ಡರ್ ನಕಲಿಸಿ. ಕ್ರಮ ತಿರುಗಿಸಿದರೆ ನಡುವೆ ಬಂದ ಟಿಕೆಟ್‌ನ ಫೈಲು ಬ್ಯಾಕಪ್‌ನಲ್ಲಿ ಇರುವುದೇ ಇಲ್ಲ. ಸರಿಯಾದ ಕ್ರಮದಲ್ಲಿ ನಾಲ್ಕು ಫೈಲು ಹೆಚ್ಚಾದರೆ ನಷ್ಟವೇನೂ ಇಲ್ಲ.

ಡಂಪ್ ತೆಗೆಯುವ ಕಮಾಂಡ್ ಮೈಎಸ್‌ಕ್ಯೂಎಲ್‌ಡಂಪ್‌ಗೆ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟರೆ ಇನ್ನೊಡಿಬಿ (ಮೈಎಸ್‌ಕ್ಯೂಎಲ್‌ನ ಒಂದು ಶೇಖರಣಾ ವಿಧಾನ) ಟೇಬಲ್‌ಗಳಿಗೆ ಬೀಗ ಬೀಳದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಫೈಲಿನ ಕೊನೆಯ ಸಾಲಿನಲ್ಲಿ 'ಡಂಪ್ ಕಂಪ್ಲೀಟೆಡ್' ಇದೆಯೇ ನೋಡಿ. ಔಟ್‌ಪುಟ್ಟನ್ನು ಫೈಲು ಕುಗ್ಗಿಸುವ ಜಿಜಿಪ್‌ಗೆ ನೇರ ಹರಿಸಿದಾಗ ಡಂಪ್ ಅರ್ಧಕ್ಕೆ ನಿಂತರೂ ಸ್ಕ್ರಿಪ್ಟ್ 'ಯಶಸ್ವಿ' ಎಂದೇ ಹೇಳಬಹುದು.

ಮರುಸ್ಥಾಪನೆಗೆ ಅದೇ ಆವೃತ್ತಿಯ ಕೋಡ್ ಇಡಿ, ಅಪ್‌ಗ್ರೇಡ್ ಆಮೇಲೆ. ಖಾಲಿ ಡೇಟಾಬೇಸ್‌ಗೆ ಇಂಪೋರ್ಟ್ ಮಾಡಿ, ಕಾನ್ಫಿಗ್‌ನಲ್ಲಿ ಹೋಸ್ಟ್, ಯೂಸರ್, ಪಾಸ್‌ವರ್ಡ್ ಮಾತ್ರ ಬದಲಿಸಿ, ಸೆಟಪ್ ಫೋಲ್ಡರ್ ಅಳಿಸಿ.

ಪರೀಕ್ಷೆಗಾಗಿ ಲೋಕಲ್ ಯಂತ್ರದಲ್ಲಿ ಏರಿಸುವುದಾದರೆ ಮೊದಲು ಕ್ರಾನ್ (ಹೊಸ ಮೇಲ್ ತರುವಂಥ ಕೆಲಸಗಳನ್ನು ನಿಗದಿತ ಸಮಯಕ್ಕೆ ತಾನೇ ನಡೆಸುವ ವ್ಯವಸ್ಥೆ) ನಿಲ್ಲಿಸಿ, ಹೊರಹೋಗುವ ಮೇಲ್ ತಡೆಯಿರಿ. ಇಲ್ಲದಿದ್ದರೆ ಈ ನಕಲೇ ಅಸಲಿ ಮೇಲ್‌ಬಾಕ್ಸ್ ಖಾಲಿ ಮಾಡಿ, ಗ್ರಾಹಕರಿಗೆ ಉತ್ತರವನ್ನೂ ಕಳಿಸಿಬಿಟ್ಟೀತು.