ಕುದುರೆ ನಡಿಗೆಯ ಹಲಗೆ ಮತ್ತು ಮುಮ್ಮಡಿಯವರು

ಪ್ಲೈವುಡ್ ಹಲಗೆಗೆ ಗೆರೆ ಹಾಕುವ ಕೆಲಸ ಮುಗಿಯಿತು. ಎಂಟು ಅಡ್ಡಸಾಲು, ಎಂಟು ಕಂಬಸಾಲು, 64 ಮನೆ. ಬಣ್ಣ ಬಳಿಯುವ ಮೊದಲು, ಚೆಸ್ ಕುದುರೆ ಯಾವ ಮನೆಗೆ ಎಷ್ಟನೆಯ ಹೆಜ್ಜೆಗೆ ಬರುತ್ತದೆ ಅಂತ ತೋರಿಸುವ ಅಂಕಿಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅಂಕಿ ಎಲ್ಲ ಕನ್ನಡದಲ್ಲೇ ಇರಬೇಕು ಅಂತ ಆಸೆ.

ಈ ಹುಚ್ಚು ಹತ್ತಿದ್ದು ಶಾಲೆಯಲ್ಲಿದ್ದಾಗ. ಚೆಸ್ ಕಲಿಸಿದ ಸೋದರಮಾವ ಒಂದು ಸವಾಲು ಕೊಟ್ಟಿದ್ದರು: ಕುದುರೆಯೊಂದನ್ನೇ ನಡೆಸುತ್ತಾ ಎಲ್ಲ ಮನೆಗೂ ಒಂದೊಂದೇ ಸಲ ಹೋಗಿ ಬಾ. ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ, ಅಷ್ಟೇ. ಗಣಿತದ ಚೌಕಳಿ ನೋಟ್‌ಬುಕ್ಕಿನ ಹಿಂದಿನ ಪುಟಗಳೆಲ್ಲ ಇದಕ್ಕೇ ಖರ್ಚಾದವು. ಕೊನೆಗೆ ಎರಡೋ ಮೂರೋ ಮನೆ ಮೂಲೆಯಲ್ಲಿ ಉಳಿದುಬಿಡುತ್ತಿದ್ದವು. ಮುಂದೆ ಹೋಗಲು ದಾರಿ ಯಾವ ಮನೆಯಿಂದ ಕಡಿಮೆಯೋ ಅಲ್ಲಿಗೇ ಮೊದಲು ಹೋಗಬೇಕು ಅನ್ನೋ ವಾರ್ನ್ಸ್‌ಡಾರ್ಫ್ ಸೂತ್ರ 1823ರದು. ಅದು ನನಗೆ ಸಿಕ್ಕಿದ್ದು ಎಷ್ಟೋ ವರ್ಷ ಬಿಟ್ಟು.

ಅದೇ ಹೊತ್ತಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಇದೇ ಹುಚ್ಚಿತ್ತು ಅಂತ ಗೊತ್ತಾಯಿತು. ಪಾಠದ ಪುಸ್ತಕದಲ್ಲಿ ನಾನು ಓದಿದ ಮುಮ್ಮಡಿ ಬೇರೆ: 1799ರಲ್ಲಿ ಐದು ವರ್ಷದ ಮಗು ಪಟ್ಟಕ್ಕೆ ಬಂತು, 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಅಲ್ಲಿಗೆ ಮುಗೀತು. ಆದರೆ ಅವರು ಬದುಕಿದ್ದು 1868ರವರೆಗೆ! ಆಡಳಿತ ಕೈಯಲ್ಲಿಲ್ಲದ ಅಷ್ಟು ವರ್ಷ ಈ ಮನುಷ್ಯ ಏನು ಮಾಡುತ್ತಿದ್ದರು ಅನ್ನೋ ಪ್ರಶ್ನೆ ಅವತ್ತು ಹೊಕ್ಕಿದ್ದು ಇವತ್ತಿಗೂ ಹೋಗಿಲ್ಲ. ಅವರ ಗ್ರಂಥ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಪೂರ್ತಿ ಆಟಗಳದ್ದೇ. ಗಂಜೀಫಾ ಎಲೆಯಾಟಕ್ಕೆ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು, ಚಾಮುಂಡೇಶ್ವರಿ ಛದ ಅನ್ನೋ ಕಟ್ಟಿನಲ್ಲಿ 320 ಎಲೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮನೆಗಳನ್ನು ಬರೆಸಿದ್ದಾರೆ. ಕುದುರೆ ನಡಿಗೆಯಲ್ಲೇ ಮಾಯಾಚೌಕವನ್ನೂ, ಅಂದರೆ ಯಾವ ಸಾಲು ಕೂಡಿದರೂ ಒಂದೇ ಮೊತ್ತ ಬರುವ ಅಂಕಿಚೌಕವನ್ನೂ, ಕಟ್ಟಿದರು.

ಇದು ಎಷ್ಟು ಕಷ್ಟ ಅಂತ ಕೂಡಿಸಿ ನೋಡಿದರೇ ತಿಳಿಯೋದು. 1ರಿಂದ 64ರವರೆಗೆ ಕೂಡಿದರೆ 2080. ಎಂಟು ಸಾಲಿಗೆ ಹಂಚಿದರೆ ಸಾಲಿಗೆ 260. ಕುದುರೆ ಹೆಜ್ಜೆ ತಪ್ಪಬಾರದು, ಪ್ರತಿ ಅಡ್ಡಸಾಲೂ ಪ್ರತಿ ಕಂಬಸಾಲೂ 260 ಆಗಬೇಕು. ಕೈ ಪಳಗಲಿ ಅಂತ ಈ ವಾರ 1848ರಲ್ಲಿ ವಿಲಿಯಂ ಬೆವರ್ಲಿ ಪ್ರಕಟಿಸಿದ ಚೌಕವನ್ನು ರಟ್ಟಿನ ಮೇಲೆ ಬರೆದೆ. ಮೇಲಿನ ಸಾಲು ಹೀಗಿದೆ:

೧, ೪೮, ೩೧, ೫೦, ೩೩, ೧೬, ೬೩, ೧೮

ಮೊದಲ ನಾಲ್ಕು ಕೂಡಿ, 130. ಉಳಿದ ನಾಲ್ಕೂ 130. ಹಲಗೆಯನ್ನು ನಾಲ್ಕು ಭಾಗ ಮಾಡಿದರೆ ಪ್ರತಿ ಭಾಗದ ಪ್ರತಿ ಸಾಲೂ, ಅಡ್ಡವಾಗಲಿ ಕಂಬವಾಗಲಿ, 130ಕ್ಕೇ ಬಂದು ನಿಲ್ಲುತ್ತದೆ. ಕೂಡುತ್ತಾ ಕೂತಾಗ ಮೈ ಜುಮ್ಮೆಂದಿತು. ಮೂಲೆಯಿಂದ ಮೂಲೆಗೆ ಮಾತ್ರ ಹೊಂದೋದಿಲ್ಲ: ಒಂದು ಕಡೆ 282, ಇನ್ನೊಂದು ಕಡೆ 210. 8×8ರ ಕುದುರೆ ನಡಿಗೆಯಲ್ಲಿ ಮೂಲೆಸಾಲುಗಳೂ ಸೇರಿ ಎಲ್ಲವೂ 260 ಆಗುವ ಚೌಕ ಇಲ್ಲವೇ ಇಲ್ಲ ಅಂತ 2003ರಲ್ಲಿ ಕಂಪ್ಯೂಟರ್ ಹುಡುಕಾಟದಿಂದ ಸಾಬೀತಾಯಿತು. ಅಡ್ಡ, ಕಂಬ ಎರಡೂ ಹೊಂದುವಂಥವು ಸಿಕ್ಕಿದ್ದು 140 ಬಗೆ ಮಾತ್ರ. ಕೋಟ್ಯಂತರ ಕೋಟಿ ದಾರಿಗಳ ನಡುವೆ ಇಷ್ಟೇ! ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಂಥದ್ದಕ್ಕೆ ಕೈ ಹಾಕಿದವರು ಸುಮ್ನೆ ಹೊತ್ತು ಕಳೆಯುವವರು ಅಲ್ವೇ ಅಲ್ಲ. ಅದಕ್ಕೇ ಮುಮ್ಮಡಿಯವರನ್ನು ಬರೀ ಅಧಿಕಾರ ಕಳೆದುಕೊಂಡ ಅರಸ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ನಮ್ಮಲ್ಲಿ ಈ ನಡಿಗೆ ಕಾವ್ಯಕ್ಕೂ ಇಳಿದಿದೆ. ವೇದಾಂತ ದೇಶಿಕರ ಸಂಸ್ಕೃತ ಕಾವ್ಯ ಪಾದುಕಾ ಸಹಸ್ರದಲ್ಲಿ ಒಂದು ಶ್ಲೋಕದ 32 ಅಕ್ಷರಗಳನ್ನು ಎಂಟೆಂಟರಂತೆ ನಾಲ್ಕು ಸಾಲಲ್ಲಿಟ್ಟು ಕುದುರೆ ಹೆಜ್ಜೆಯಲ್ಲಿ ಓದಿದರೆ ಮುಂದಿನ ಶ್ಲೋಕವೇ ಸಿಗುತ್ತದೆ. ಅದನ್ನೂ ಒಂದು ಸಣ್ಣ ಹಲಗೆಯ ಮೇಲೆ ಬರೆಯಬೇಕು.

ಸದ್ಯಕ್ಕೆ ಉಳಿದಿರುವ ಕೆಲಸ: ಉಪ್ಪುಕಾಗದದಲ್ಲಿ ಅಂಚು ಉಜ್ಜಬೇಕು, ಒಂದು ಬಿಟ್ಟು ಒಂದು ಮನೆಗೆ ಕೆಂಪು ಬಳಿಯಬೇಕು. ಕುದುರೆ ಪ್ರತಿ ಹೆಜ್ಜೆಗೂ ಮನೆಯ ಬಣ್ಣ ಬದಲಿಸುವುದರಿಂದ ಬೆಸ ಅಂಕಿಗಳೆಲ್ಲ ಕೆಂಪಿನಲ್ಲೇ ಬೀಳಬೇಕು. ಒಂದು ತಪ್ಪಿದರೂ ತಕ್ಷಣ ಕಣ್ಣಿಗೆ ಬೀಳುತ್ತದೆ.