ರಾಹೇಲಳು ಇಟ್ಟ ಹೆಸರು

"ಅದು ತಂದೆ ಇಟ್ಟ ಹೆಸರು. ಹೆತ್ತವಳು ಬೇರೆಯದನ್ನೇ ಇಟ್ಟಿದ್ದಳಲ್ಲ, ಅಯ್ಯನವರೇ?"

ಭಾನುವಾರ ಅಕ್ಕನ ಮೊಮ್ಮಗನ ದೀಕ್ಷಾಸ್ನಾನ ಮುಗಿದು ಊಟಕ್ಕೆ ಕುಳಿತಾಗ ದೊಡ್ಡಮ್ಮ ಕೇಳಿದ ಪ್ರಶ್ನೆ ಇದು. ಮಗುವಿಗೆ ಬೆನ್ಯಾಮೀನ್ ಎಂಬ ಹೆಸರನ್ನು ನಿಶ್ಚಯಿಸಿದವರು ಭಾವನವರು. ಯಾರನ್ನೂ ಕೇಳಿ ಮಾಡುವ ಸ್ವಭಾವ ಅವರದಲ್ಲ, ಹೆತ್ತ ಸೊಸೆಯನ್ನಂತೂ ಕೇಳುವುದೇ ಇಲ್ಲ. ಆ ಹೆಸರಿನ ಅರ್ಥ 'ಬಲಗೈಯ ಮಗ' ಎಂದು ಅರ್ಧ ಗಂಟೆ ಪ್ರಸಂಗ ಮಾಡಿದ್ದ ಸಭಾಪಾಲಕರು, "ಅದು ದುಃಖದ ಹೆಸರಮ್ಮಾ" ಎಂದಷ್ಟೇ ಹೇಳಿ ಪಾಯಸದ ಕಡೆ ತಿರುಗಿದರು. ಒಳ್ಳೆಯವರೇ, ಆದರೆ ಕಷ್ಟದ ವಚನ ಬಂದರೆ ಪುಟ ಮಗುಚುವ ಅಭ್ಯಾಸ.

ಅಂದಿನಿಂದ ದೊಡ್ಡಮ್ಮನ ಆ 'ಅಲ್ಲ' ಕಿವಿಯಲ್ಲೇ ಇದೆ. ಬೈಬಲಿನ ಆದಿಕಾಂಡ 35ನೇ ಅಧ್ಯಾಯವನ್ನು ಮತ್ತೆ ಓದಿದೆ. ಬೇತೇಲಿನಿಂದ ಎಫ್ರಾತಿಗೆ ಹೋಗುವ ದಾರಿಯಲ್ಲಿ ಯಾಕೋಬನ ಹೆಂಡತಿ ರಾಹೇಲಳಿಗೆ ಹೆರಿಗೆ ನೋವು. ಹೆದರಬೇಡ, ಇದೂ ಗಂಡುಮಗುವೇ ಎನ್ನುತ್ತಾಳೆ ಸೂಲಗಿತ್ತಿ. ಸಾಯುತ್ತಿರುವವಳಿಗೆ ಎಂಥ ಸಮಾಧಾನ! ಮಕ್ಕಳಾಗದಿದ್ದರೆ ಸಾಯುತ್ತೇನೆಂದು ಒಮ್ಮೆ ಗಂಡನನ್ನು ಕಾಡಿದವಳು, ಹೆತ್ತೇ ಸತ್ತಳು. ಪ್ರಾಣ ಹೋಗುವಾಗ ಮಗುವನ್ನು ಬೆನೋನಿ ಎಂದು ಕರೆದಳು, ನನ್ನ ದುಃಖದ ಮಗ. ಅದರ ಬೆನ್ನಿಗೇ ಯಾಕೋಬನು ಬೆನ್ಯಾಮೀನನೆಂದು ಹೆಸರಿಟ್ಟ. ಅಲ್ಲಿಯವರೆಗೆ ಆ ಮನೆಯ ಗಂಡುಮಕ್ಕಳಿಗೆ, ದಾಸಿಯರು ಹೆತ್ತವರಿಗೂ, ಹೆಸರಿಟ್ಟವರು ಹೆಚ್ಚಾಗಿ ಅವನ ಹೆಂಡತಿಯರಾದ ಲೇಯಳೂ ರಾಹೇಲಳೂ. ಗಂಡ ಬಾಯಿ ತೆರೆದದ್ದು ಅವಳು ಮರುಮಾತಾಡಲಾರದ ಗಳಿಗೆಯಲ್ಲಿ.

13ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ನಹ್ಮಾನಿದನದು ಯಾಕೋಬನ ಪರವಾದ ಜಾಣ ವಕಾಲತ್ತು. 'ಓನಿ' ಎಂಬಲ್ಲಿ ದುಃಖವೂ ಇದೆ, ಬಲವೂ ಇದೆ. ಹೆಂಡತಿಯ ಮಾತನ್ನು ಅಳಿಸದೆ ಅದನ್ನು ಒಳಿತಿನ ಕಡೆಗೆ ತಿರುಗಿಸಿದನಂತೆ. ಹುಡುಗನ ಮುಖ ನೆನೆದರೆ ಒಪ್ಪಬೇಕೆನಿಸುತ್ತದೆ: ತಾಯಿಯ ಸಾವನ್ನು ದಿನಕ್ಕೆ ಹತ್ತು ಸಲ ಕೂಗಿ ಕರೆಸಿಕೊಳ್ಳುತ್ತಾ ಯಾರು ಬೆಳೆಯುತ್ತಾರೆ? ಆದರೂ ಅವಳ ಮಾತನ್ನು ಒಂದು ದಿನವಾದರೂ ನಿಲ್ಲಲು ಬಿಡಬಹುದಿತ್ತು. ಬಲಗೈಯ ಹೆಸರಿನ ಆ ಕುಲದಲ್ಲೇ ಮುಂದೆ ಕೂದಲೆಳೆಯಷ್ಟೂ ಗುರಿ ತಪ್ಪದ 700 ಎಡಚ ಕವಣೆಗಾರರಿದ್ದರೆಂದು ನ್ಯಾಯಸ್ಥಾಪಕರ ಪುಸ್ತಕ ಹೇಳುತ್ತದೆ. ಹೆಸರಿಡುವವರು ಎಣಿಸಿದಂತೆ ಮಕ್ಕಳು ನಡೆಯುವುದುಂಟೇ?

ನಿನ್ನೆ ಇದನ್ನೆಲ್ಲ ಭಾವನವರಿಗೆ ಫೋನಿನಲ್ಲಿ ಹೇಳಿ, ಸೊಸೆಗೆ ಯಾವ ಹೆಸರು ಇಷ್ಟವಿತ್ತೆಂದು ಕೇಳಿದೆ. "ಜನನ ಪ್ರಮಾಣಪತ್ರದಲ್ಲಿ ಆಗಲೇ ಬರೆಸಿಯಾಗಿದೆ" ಎಂದರು.