ವೆನಿಸ್ಸಿನ ಗಾಜಿನ ಮೆಟ್ಟಿಲುಗಳ ಮೇಲೆ

2019ರ ಅಕ್ಟೋಬರ್ ತಿಂಗಳ ಒಂದು ಸಂಜೆ ನಾನೂ ಅಮ್ಮನೂ ವೆನಿಸ್ಸಿನ ಸಾಂತಾ ಲುಚೀಯಾ ರೈಲು ನಿಲ್ದಾಣದಲ್ಲಿ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ನಾವು ಉಳಿದುಕೊಳ್ಳಬೇಕಿದ್ದ ಮನೆ ಪಿಯಾತ್ಸಾಲೆ ರೋಮಾದ ಹಿಂದಿನ ಓಣಿಯಲ್ಲಿತ್ತು. ಬಸ್ಸು, ಕಾರುಗಳು ಬರುವುದು ಆ ಚೌಕದವರೆಗೆ ಮಾತ್ರ. ಅದರಾಚೆ ದೋಣಿ, ಇಲ್ಲವೇ ಕಾಲ್ನಡಿಗೆ. ನಿಲ್ದಾಣದಿಂದ ಅಲ್ಲಿಗೆ ನಡೆದು ಹೋಗಲು ಹತ್ತಿರದ ದಾರಿಯೆಂದರೆ ಊರಿನ ಮುಖ್ಯ ಕಾಲುವೆಯಾದ ಗ್ರ್ಯಾಂಡ್ ಕೆನಾಲ್ ಮೇಲಿನ ನಾಲ್ಕನೆಯ ಸೇತುವೆ. ಸ್ಪೇನಿನ ವಾಸ್ತುಶಿಲ್ಪಿ ಸಾಂತಿಯಾಗೊ ಕಾಲಾತ್ರಾವಾ ವಿನ್ಯಾಸಗೊಳಿಸಿದ ಈ ಸೇತುವೆ 2008ರ ಸೆಪ್ಟೆಂಬರಿನಲ್ಲಿ ಜನರಿಗೆ ತೆರೆಯಿತು. ಇಟಲಿಯ ಸಂವಿಧಾನಕ್ಕೆ 60 ವರ್ಷ ತುಂಬಿದ ನೆನಪಿಗೆ ಅದನ್ನು ಸಂವಿಧಾನ ಸೇತುವೆ ಎಂದು ಕರೆದಿದ್ದಾರೆ.

ದೂರದಿಂದ ಕಂಡಾಗ ಅದು ಮನಸ್ಸನ್ನು ಸೆಳೆಯಿತೆಂಬುದನ್ನು ಮೊದಲೇ ಹೇಳಿಬಿಡಬೇಕು. ನಡುವೆ ಒಂದು ಕಂಬವೂ ಇಲ್ಲದೆ, ಸುಮಾರು 80 ಮೀಟರ್ ಉದ್ದದ, ಬಹಳ ಚಪ್ಪಟೆಯಾದ ಕೆಂಪು ಉಕ್ಕಿನ ಕಮಾನು ನೀರನ್ನು ದಾಟಿ ಆಚೆ ದಡ ಮುಟ್ಟಿತ್ತು. ಎರಡೂ ಬದಿಗೆ ಗಾಜಿನ ತಡೆಗೋಡೆ, ಅದರ ಮೇಲೆ ಕಂಚಿನ ಹಿಡಿಕೆ. ಮೆಟ್ಟಿಲುಗಳಲ್ಲಿ ಗಾಜಿನ ಹಲಗೆಗಳು ಮತ್ತು ಬಿಳಿಯ ಇಸ್ಟ್ರಿಯಾ ಕಲ್ಲು. ಕತ್ತಲಾಗುತ್ತಿದ್ದಂತೆ ಕೆಳಗಿನಿಂದ ದೀಪ ಹೊತ್ತಿ, ಗಾಜಿನೊಳಗಿಂದ ಬೆಳಕು ಹರಡಿತು. ಅಮ್ಮ ಪೆಟ್ಟಿಗೆಯನ್ನು ಕೆಳಗಿಟ್ಟು, ಕೊಡೆಯನ್ನು ಸರಿಸಿ, ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ನಿಂತರು.

ಹತ್ತಲು ಶುರು ಮಾಡಿದ ಮೇಲೆ ಮಾತ್ರ ನೋಟವೆಲ್ಲ ಕಾಲಿನ ಮೇಲೇ ನೆಟ್ಟಿತು. ಮೆಟ್ಟಿಲುಗಳ ಅಗಲ ಒಂದೇ ಸಮನಾಗಿರಲಿಲ್ಲ. ಎರಡು ಹೆಜ್ಜೆಗೆ ಹೊಂದಿಕೊಂಡ ಕಾಲು ಮೂರನೆಯದಕ್ಕೆ ತಡವರಿಸುತ್ತಿತ್ತು. ಮಳೆನೀರು ನಿಂತ ಗಾಜು, ಅದರಡಿಯ ದೀಪದಿಂದಾಗಿ, ಎಲ್ಲಿ ಮುಗಿದು ಮುಂದಿನ ಮೆಟ್ಟಿಲು ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ಸ್ಪಷ್ಟವಾಗುತ್ತಿರಲಿಲ್ಲ. ಸುತ್ತ ನೋಡಿದರೆ ಎಲ್ಲರದೂ ಅದೇ ಸ್ಥಿತಿ. ಜನರು ಗಾಜನ್ನು ಬಿಟ್ಟು ಕಲ್ಲಿನ ಭಾಗವನ್ನೇ ಹುಡುಕಿಕೊಂಡು, ಒಬ್ಬರ ಹಿಂದೊಬ್ಬರು ತಲೆ ತಗ್ಗಿಸಿ ನಡೆಯುತ್ತಿದ್ದರು. ಅಮ್ಮ ಹೊಸನಗರದ ಕಡೆಯ ಹಳ್ಳಿಯಲ್ಲಿ ಬೆಳೆದವರು. ಮಳೆಗಾಲದಲ್ಲಿ ಹಳ್ಳದ ಮೇಲೆ ಅಡಿಕೆ ಮರದ ಕಾಲುಸಂಕ ದಾಟಿ ಶಾಲೆಗೆ ಹೋದವರು. ಅವರು ನನ್ನ ತೋಳನ್ನು ಬಿಗಿಯಾಗಿ ಹಿಡಿದು, "ನಮ್ಮ ಸಂಕಕ್ಕಾದರೂ ಪಕ್ಕದಲ್ಲಿ ಹಿಡ್ಕೊಳ್ಳೋಕೆ ಒಂದು ಬಿದಿರು ಇರ್ತಿತ್ತು. ಇಲ್ಲಿ ನಡುವೆ ನಡೆಯೋರು ಏನನ್ನ ಹಿಡೀಬೇಕು?" ಎಂದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಸೇತುವೆ ನಡುವಿಗೆ ಬರುತ್ತ ಅಗಲವಾಗುತ್ತದೆ. ಕಂಚಿನ ಹಿಡಿಕೆ ಇರುವುದು ಅಂಚಿನಲ್ಲಿ ಮಾತ್ರ.

ಈ ಸೇತುವೆಯ ಮೇಲೆ ಜಾರಿ ಬಿದ್ದು ಪೆಟ್ಟು ಮಾಡಿಕೊಂಡವರ ದೂರುಗಳು ಅದು ತೆರೆದ ದಿನಗಳಿಂದಲೇ ಇದ್ದವು. ಜಾರದಂತೆ ಅಂಟುಪಟ್ಟಿ ಹಚ್ಚಿ ನೋಡಿದರು, ರಾಳ ಬಳಿದು ನೋಡಿದರು, ಸಾಲಲಿಲ್ಲ. ನಾವು ಹೋಗುವುದಕ್ಕೆ ಎರಡು ತಿಂಗಳ ಹಿಂದೆ, 2019ರ ಆಗಸ್ಟ್‌ನಲ್ಲಿ, ಇಟಲಿಯ ಲೆಕ್ಕಪರಿಶೋಧನಾ ನ್ಯಾಯಾಲಯವು ವಿನ್ಯಾಸದಲ್ಲಿ ನಿರ್ಲಕ್ಷ್ಯವಾಗಿದೆಯೆಂದು ಕಾಲಾತ್ರಾವಾ ಅವರಿಗೆ 78,000 ಯೂರೊ ದಂಡ ವಿಧಿಸಿದ ಸುದ್ದಿ ಬಂದಿತ್ತು. ರೈಲು ನಿಲ್ದಾಣಕ್ಕೂ ಬಸ್ಸಿನ ಚೌಕಕ್ಕೂ ನಡುವಿನ ಸೇತುವೆಯ ಮೇಲೆ ಗಾಲಿ ಪೆಟ್ಟಿಗೆಗಳು ದಿನವಿಡೀ ಉರುಳಿ ಗಾಜಿಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಮೊದಲೇ ಊಹಿಸಬೇಕಿತ್ತು ಎಂಬುದು ಅಲ್ಲಿನ ವಾದದ ಒಂದು ಭಾಗ. ಅದನ್ನು ಒಪ್ಪದೆ ಇರಲು ನನಗೆ ಕಾರಣ ಕಾಣುವುದಿಲ್ಲ. ಇದೇ ವಾಸ್ತುಶಿಲ್ಪಿ ಸ್ಪೇನಿನ ಬಿಲ್ಬಾವೊದಲ್ಲಿ ಕಟ್ಟಿದ ಜುಬಿಜುರಿ ಕಾಲ್ಸೇತುವೆ 1997ರಲ್ಲಿ ತೆರೆದಿತ್ತು. ಅಲ್ಲಿಯೂ ಗಾಜಿನ ನೆಲದ ಮೇಲೆ ಜನ ಜಾರಿ, ಕೊನೆಗೆ ಅದರ ಮೇಲೆ ಕಪ್ಪು ಹಾಸನ್ನು ಹಾಸಬೇಕಾಯಿತು.

ಸೇತುವೆಯ ಬದಿಯಲ್ಲಿ ಮೊಟ್ಟೆಯಾಕಾರದ ಕೆಂಪು ಕೋಶವೊಂದು ನಿಂತಿತ್ತು. ಗಾಲಿಕುರ್ಚಿಯವರು ದಾಟಲೆಂದು, ಸೇತುವೆ ತೆರೆದ ಐದು ವರ್ಷಗಳ ಮೇಲೆ, 2013ರಲ್ಲಿ ಅದನ್ನು ಜೋಡಿಸಿದ್ದರು. ಮೂಲ ವಿನ್ಯಾಸದಲ್ಲಿ ಅವರಿಗೆ ದಾರಿಯೇ ಇರಲಿಲ್ಲ. ನಾವಿದ್ದಷ್ಟು ದಿನ ಅದು ಚಲಿಸಿದ್ದನ್ನು ನಾನು ನೋಡಲಿಲ್ಲ. ಆಮೇಲೆ, 2020ರಲ್ಲಿ, ಅದನ್ನು ಬಿಚ್ಚಿ ತೆಗೆದರು.

ಮರುದಿನದಿಂದ ನಾನು ಬೇರೆ ಸೇತುವೆಗಳನ್ನೂ ಕಾಲಿನಿಂದಲೇ ನೋಡತೊಡಗಿದೆ. ವೆನಿಸ್ಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ಓಣಿಯೊಂದರ ಸಣ್ಣ ಸೇತುವೆಯ ಮೇಲೆ ಬಗ್ಗಿ ಮೆಟ್ಟಿಲನ್ನು ಮುಟ್ಟಿ ನೋಡಿದೆ. ಒಳಭಾಗಕ್ಕೆ ಹಾಸಿದ್ದು ಟ್ರ್ಯಾಕೈಟ್ ಎಂಬ ಬೂದು ಬಣ್ಣದ ಅಗ್ನಿಶಿಲೆ. ಪಾದುವಾದ ಹತ್ತಿರದ ಎವುಗಾನಿಯನ್ ಬೆಟ್ಟಗಳಿಂದ ಶತಮಾನಗಳ ಕಾಲ ತಂದ ಈ ಕಲ್ಲೇ ಊರಿನ ಓಣಿಗಳ ನೆಲವೂ ಹೌದು. ಒದ್ದೆಯಾಗಿದ್ದರೂ ಅದು ಬೆರಳಿಗೆ ತರಿತರಿಯಾಗಿ ಹತ್ತಿತು. ಅಂಚಿಗೆ ಮಾತ್ರ ಬೆರಳೆರಡು ಅಗಲದ ಬಿಳಿಯ ಇಸ್ಟ್ರಿಯಾ ಕಲ್ಲಿನ ಪಟ್ಟಿ. ಬೂದು ಮತ್ತು ಬಿಳಿ ಸೇರಿ ಹಗಲಿನಲ್ಲಿ ಚಂದ ಕಾಣುವ ಆ ಗೆರೆಯೇ, ದೀಪ ಕಡಿಮೆಯಿರುವ ರಾತ್ರಿಯಲ್ಲಿ, ಮೆಟ್ಟಿಲು ಇಲ್ಲಿಗೆ ಮುಗಿಯಿತು ಎಂದು ಕಾಲಿಗೆ ಹೇಳುತ್ತದೆ. ಇದರಲ್ಲಿ ಅಲಂಕಾರ ಯಾವುದು, ರಕ್ಷಣೆ ಯಾವುದು ಎಂದು ಬೇರ್ಪಡಿಸಲು ನನ್ನಿಂದಾಗಲಿಲ್ಲ. ನಿಲ್ದಾಣದ ಎದುರಿಗೇ ಇರುವ, 1934ರ ಸ್ಕಾಲ್ಜಿ ಸೇತುವೆಯನ್ನು ಅಮ್ಮ ಎರಡು ಸಲ ಹತ್ತಿ ಇಳಿದರು. ಅದು ಹೊಸದಕ್ಕಿಂತ ಕಡಿದು, ಮಂಡಿನೋವಿನವರಿಗೆ ಕಷ್ಟವೇ. ಆದರೂ ಅದರ ನೆತ್ತಿಯಲ್ಲಿ ಅವರು ತಲೆಯೆತ್ತಿ ಕಾಲುವೆಯ ಎರಡೂ ದಿಕ್ಕನ್ನು ನಿಶ್ಚಿಂತೆಯಿಂದ ನೋಡಿದರು.

ಹಳೆಯದೆಲ್ಲ ಸುರಕ್ಷಿತವಾಗಿತ್ತೆಂದು ಹೇಳಲಾರೆ. ಹಿಂದೆ ಇಲ್ಲಿನ ಸೇತುವೆಗಳಲ್ಲಿ ಎಷ್ಟೋ ಸೇತುವೆಗಳಿಗೆ ತಡೆಗೋಡೆಯೇ ಇರಲಿಲ್ಲ. ಸಾನ್ ಬಾರ್ನಬಾ ಹತ್ತಿರದ 'ಮುಷ್ಟಿಗಳ ಸೇತುವೆ'ಯ ಮೇಲೆ ಎದುರಾಳಿ ಬಣಗಳವರು ಗುದ್ದಾಡಿ ಒಬ್ಬರನ್ನೊಬ್ಬರು ನೀರಿಗೆ ತಳ್ಳುತ್ತಿದ್ದರು; ಕಾಳಗ ಶುರುವಾಗುವ ಮುನ್ನ ಕಾಲಿಡಬೇಕಿದ್ದ ಜಾಗಕ್ಕೆ ಗುರುತಾಗಿ ಬಿಳಿ ಕಲ್ಲಿನ ಪಾದಗಳು ಈಗಲೂ ಇವೆ. ತಡೆಗೋಡೆಗಳು ಬಂದದ್ದು ಬಹುಮಟ್ಟಿಗೆ ಆಮೇಲೆ. ಹಳೆಯ ರೂಪದಲ್ಲೇ ಉಳಿದ ಒಂದೆರಡರಲ್ಲಿ ಕನ್ನರೆಜೊ ಭಾಗದ ಕಿಯೋದೊ ಸೇತುವೆ ಒಂದು. ತಡೆಯಿಲ್ಲದ ಅದರ ತೆಳು ಕಮಾನಿನ ಚೆಲುವು ನಿಜಕ್ಕೂ ಅಪೂರ್ವ. ಅದರಲ್ಲಿ ನಡೆಯುವವರು ಬೆರಳೆಣಿಕೆಯಷ್ಟು ಜನ. ಉಳಿದ ಸೇತುವೆಗಳಿಗೆ ಕಬ್ಬಿಣದ ಕಟಾಂಜನ, ಕಲ್ಲಿನ ಗೋಡೆಗಳನ್ನು ಸೇರಿಸಿದ ಮೇಲೂ ವೆನಿಸ್ ವೆನಿಸ್ಸಾಗಿಯೇ ಉಳಿದಿದೆ.

ಹೊರಡುವ ದಿನ ಬೆಳಿಗ್ಗೆ ಬಿಸಿಲಿತ್ತು, ಗಾಜು ಒಣಗಿತ್ತು. ಆದರೂ ಅಮ್ಮ ಕಂಚಿನ ಹಿಡಿಕೆಯನ್ನು ಬಿಡದೆ, ಅಂಚಿನಲ್ಲೇ ನಡೆದು ಸೇತುವೆ ದಾಟಿದರು.

2022ರ ಜನವರಿಯಲ್ಲಿ, ಗಾಜಿನ ಮೆಟ್ಟಿಲುಗಳನ್ನು ತೆಗೆದು ಟ್ರ್ಯಾಕೈಟ್ ಹಾಕಲು ವೆನಿಸ್ ನಗರಾಡಳಿತ 5 ಲಕ್ಷ ಯೂರೊ ಮೀಸಲಿಟ್ಟಿತೆಂದು ಓದಿ, ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಒಳ್ಳೇದಾಯ್ತು" ಎಂದರು. ಸ್ವಲ್ಪ ತಡೆದು, "ಹಾಗಾದ್ರೆ ಆ ಕೆಳಗಿನ ಬೆಳಕು ಇನ್ನು ಮೇಲೆ ಕಾಣೋದಿಲ್ವಾ?" ಎಂದು ಕೇಳಿದರು.